ಜಗಳವಾಡುತ್ತಾ ಕೊಡಗು ಸುತ್ತಿದ್ದು

ಗುರುವಾರ

ಚೆಂದ ಅನ್ನುವುದರ ಬಗ್ಗೆ ನಮ್ಮ ಭಾವನದ್ದು ಒಂದೇ ಸಿದ್ಧಾಂತ. ಅದು ಅವರವರ ಕಣ್ಣಿಗೆ ಬಿಟ್ಟಿದ್ದು. ಸೀರೆ ಅಂಗಡಿಯಲ್ಲಿ, ಮನೆಗೆ ಬಣ್ಣ ಹೊಡೆಸುವಾಗ, ಟಿವಿಯಲ್ಲಿ ಹಾಡು ಬಂದಾಗ, ಎಲ್ಲ ಕಡೆ ಇದೇ ಮಾತು. ಇದನ್ನು ಹೇಳಿದರೆ ಚರ್ಚೆ ಮುಗಿಯಿತು ಅಂತ ಅವರ ಲೆಕ್ಕ. ಆದರೆ ಮಗಳು ಚಿನ್ನಿ ಈಗ ಮಾನಸಗಂಗೋತ್ರಿಯಲ್ಲಿ ಫಿಲಾಸಫಿ ಎಂ.ಎ. ಓದುತ್ತಿದ್ದಾಳೆ. ಅವಳ ಎದುರು ಆ ಮಾತು ಆಡಿದರೆ ಚರ್ಚೆ ಅಲ್ಲಿಂದಲೇ ಶುರು. ಮಾರ್ಚ್‌ನಲ್ಲಿ ಕಾಫಿ ಹೂ ನೋಡೋಣ ಅಂತ ಅಕ್ಕ, ಭಾವ, ಚಿನ್ನಿ ಮತ್ತು ನಾನು ಮೈಸೂರಿನಿಂದ ಹೊರಟೆವು. ಹುಣಸೂರು ದಾಟುವ ಹೊತ್ತಿಗೆ ಅಪ್ಪ ಮಗಳ ವಾದ ಕಾವೇರಿತ್ತು.

ಪಿರಿಯಾಪಟ್ಟಣ ಕಳೆದು ಬೈಲುಕುಪ್ಪೆಯಲ್ಲಿ ನಿಲ್ಲಿಸಿದೆವು. 1961ರಿಂದ ಟಿಬೆಟಿಯನ್ನರು ನೆಲೆಸಿರುವ ಊರು. ಇನ್ನೂ ಮೈಸೂರು ಜಿಲ್ಲೆಯೇ, ಕೊಡಗಿನ ಬಾಗಿಲು ಅನ್ನಬಹುದು. ನಾಮ್‌ಡ್ರೋಲಿಂಗ್ ಮಠದ ಗೋಲ್ಡನ್ ಟೆಂಪಲ್ ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯು ಮೂವರೂ ಚಿನ್ನದ ಮೈಯಲ್ಲಿ ಕೂತಿದ್ದಾರೆ. ಗೋಡೆಯಲ್ಲಿ ಒಂದು ಅಂಗೈಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಕೆಂಪು, ನೀಲಿ, ಹಸಿರು, ಹಳದಿ, ನಡುವೆ ಡ್ರ್ಯಾಗನ್‌ಗಳು. ಅಕ್ಕ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಳು. ಭಾವ ನನ್ನ ಕಿವಿಯಲ್ಲಿ, "ಜಾಸ್ತಿ ಆಯ್ತು ಮಾರಾಯ, ಒಡವೆ ಅಂಗಡಿಗೆ ಬಂದ ಹಾಗಿದೆ" ಅಂದರು.

ಚಿನ್ನಿ ಬಿಡಲಿಲ್ಲ. ಹೊರಗೆ ಗಾಳಿಗೆ ಪಟಪಟ ಅನ್ನುತ್ತಿದ್ದ ಪ್ರಾರ್ಥನಾ ಬಾವುಟಗಳ ಕೆಳಗೆ ನಿಲ್ಲಿಸಿ ಪಾಠ ಮಾಡಿದಳು. ನೀಲಿ ಅಂದರೆ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಮಣ್ಣು. ಒಳಗಿನ ಬಣ್ಣಗಳಿಗೂ ಇಂಥದ್ದೇ ಲೆಕ್ಕ ಇದೆ, ಸುಮ್ನೆ ಬಳಿದಿದ್ದಲ್ಲ ಅಂತ. ಭಾವ ಮತ್ತೆ ಒಳಗೆ ಹೋಗಿ ಹತ್ತು ನಿಮಿಷ ನೋಡಿ ಬಂದರು. "ಈಗ ಅರ್ಥ ಆಯ್ತು. ಕೆಲಸ ಬಹಳ ಅಚ್ಚುಕಟ್ಟು, ಅದನ್ನು ಒಪ್ಪಬೇಕು. ಆದ್ರೆ ನಂಗೆ ಇಷ್ಟ ಆಗಲಿಲ್ಲ."

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಎಲ್ಲ ಬರೀ ನೋಡುವವರ ಇಷ್ಟ ಆಗಿದ್ದರೆ "ಒಪ್ಪಬೇಕು, ಆದರೆ ಇಷ್ಟವಾಗಲಿಲ್ಲ" ಅಂತ ಒಬ್ಬರು ಹೇಗೆ ಹೇಳುತ್ತಾರೆ? ಭಾವ ತಮ್ಮ ಸಿದ್ಧಾಂತವನ್ನು ತಾವೇ ಕುಶಾಲನಗರಕ್ಕೆ ಮೊದಲೇ ಮುರಿದಿದ್ದರು. ನಾನು ಬಾಯಿ ಬಿಡಲಿಲ್ಲ. ಕಾರು ಅವರದ್ದು.

ಸಂಜೆ ಮಡಿಕೇರಿಯ ರಾಜಾಸೀಟ್. ಕೊಡಗಿನ ಅರಸರು ರಾಣಿಯರ ಜೊತೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ ಅಂತ ಹೇಳುತ್ತಾರೆ. ಅವರು ಎಷ್ಟು ಜನರ ಭುಜದ ಸಂದಿಯಿಂದ ನೋಡುತ್ತಿದ್ದರೋ ಗೊತ್ತಿಲ್ಲ, ನಾವಂತೂ ಹಾಗೇ ನೋಡಿದೆವು. ಪಡುವಣಕ್ಕೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ಮಸುಕು. ಕೆಳಗೆ ಮಂಗಳೂರು ರಸ್ತೆ ಹಾವಿನಂತೆ ಇಳಿಯುತ್ತದೆ. ಸೂರ್ಯ ಕೆಳಗಿಳಿದಾಗ ಅಷ್ಟು ಜನ ಒಟ್ಟಿಗೆ "ಆಹಾ" ಅಂದರು. ಯಾರೂ ಯಾರನ್ನೂ ಕೇಳಿ ಅಂದಿದ್ದಲ್ಲ. ಕನ್ನಡ, ಮಲಯಾಳ, ತಮಿಳು, ಹಿಂದಿ, ಎಲ್ಲ ಭಾಷೆಯ ಆಹಾ.

ಊಟಕ್ಕೆ ಕೂತಾಗ ಭಾವ ಹಂದಿ ಮಾಂಸದ ಪಂದಿ ಕರಿ, ಜೊತೆಗೆ ಅಕ್ಕಿ ಉಂಡೆ ಕಡಂಬುಟ್ಟು ತರಿಸಿಕೊಂಡರು. ಕಾಚಂಪುಳಿಯ ಹುಳಿಗೆ ತಲೆ ಆಡಿಸಿದರು. ಅಕ್ಕ ಸಸ್ಯಾಹಾರಿ, ಮುಖ ಆ ಕಡೆ ತಿರುಗಿಸಿ ಅಕ್ಕಿ ರೊಟ್ಟಿ ಮುರಿದಳು. ಚಿನ್ನಿ ಇದನ್ನೇ ಹಿಡಿದಳು.

"ನೋಡಿ ಅಪ್ಪ, ಅಮ್ಮನಿಗೆ ಪಂದಿ ಕರಿ ಬೇಡ ಅಂದ್ರೆ ನೀವು ಜಗಳಕ್ಕೆ ಹೋಗಲ್ಲ. ಅವಳ ನಾಲಿಗೆ ಅವಳದ್ದು. ಆದ್ರೆ ಇವತ್ತು ಸೂರ್ಯಾಸ್ತದ ಹೊತ್ತಲ್ಲಿ ಆ ಹುಡುಗ ಬೆನ್ನು ತಿರುಗಿಸಿ ಮೊಬೈಲ್ ಗೇಮ್ ಆಡ್ತಿದ್ದ. ಅವನ ಮೇಲೆ ನಿಮಗೆ ಸಿಟ್ಟು ಬಂತು. ಯಾಕೆ?"

ಜರ್ಮನಿಯ ತತ್ವಜ್ಞಾನಿ ಕಾಂಟ್ 1790ರಲ್ಲಿ ಬರೆದ ಮಾತಂತೆ ಇದು. ಅವನು ಕೊಡುವ ಉದಾಹರಣೆ ಕೆನರಿ ದ್ವೀಪದ ವೈನ್. ಆ ವೈನ್ ಹಿತವಾಗಿದೆ ಅನ್ನುವವನು "ನನಗೆ ಹಿತ" ಅಂತ ಸೇರಿಸಿದರೆ ಸಾಕು. ಆದರೆ "ಈ ಕಟ್ಟಡ ನನಗೆ ಸುಂದರ" ಅನ್ನುವುದು ನಗೆಪಾಟಲು ಅನ್ನುತ್ತಾನೆ ಕಾಂಟ್. ಸುಂದರ ಅಂದ ಮೇಲೆ ಎಲ್ಲರೂ ಒಪ್ಪಬೇಕು ಅನ್ನುವ ಹಠ ಅದರೊಳಗೇ ಇರುತ್ತದೆ. ಹಾಗಂತ ಒಪ್ಪಿಸುವುದಕ್ಕೆ ಸಾಕ್ಷಿ ಇರುವುದಿಲ್ಲ. ಅನುಭವ ನನ್ನದೇ, ಹಕ್ಕೊತ್ತಾಯ ಎಲ್ಲರ ಮೇಲೂ. ಭಾವ ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡು, "ಅವನ್ಯಾರೋ ನಿನ್ನ ಕಾಂಟ್ ಪಂದಿ ಕರಿ ತಿಂದಿಲ್ಲ" ಅಂದರು.

ಶುಕ್ರವಾರ

ಬೆಳಿಗ್ಗೆ ಓಂಕಾರೇಶ್ವರ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಶಿವನ ಗುಡಿ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಎದುರು ಕೆರೆ, ಕೆರೆಯ ನಡುವೆ ಮಂಟಪ. ಮೊದಲ ಸಲ ನೋಡುವವರು ಚಪ್ಪಲಿ ಬಿಡುವ ಮುಂಚೆ ಒಂದು ಗಳಿಗೆ ಅನುಮಾನ ಪಡುತ್ತಾರೆ. ಊರ ಹೊರಗಿನ ಗದ್ದಿಗೆಗಳೂ ಇದೇ ಧಾಟಿ. ವೀರಶೈವ ಅರಸರ ಸಮಾಧಿಗಳ ಮೇಲೆ ಗುಮ್ಮಟ, ಮಿನಾರು, ಗುಮ್ಮಟದ ಸುತ್ತ ನಂದಿ. ಶೈಲಿ ಶುದ್ಧವಾಗಿರಬೇಕು ಅನ್ನುವವರಿಗೆ ಇದು ಕಲಬೆರಕೆ. ನನಗೆ ಇದರಷ್ಟು ಧೈರ್ಯದ ಕಟ್ಟಡ ಕೊಡಗಿನಲ್ಲಿ ಇನ್ನೊಂದು ಕಂಡಿಲ್ಲ. ಚೆಂದ ಕಂಡಿತು, ಕಟ್ಟಿಸಿದ, ಅಷ್ಟೇ. ಅದು ಯಾರ ಶೈಲಿ ಅಂತ ಆ ರಾಜ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ.

ಅಬ್ಬಿ ಜಲಪಾತಕ್ಕೂ ಹೋದೆವು. ಮಾರ್ಚ್‌ನಲ್ಲಿ ಅಲ್ಲಿ ನೀರು ತೆಳ್ಳಗೆ. ಬಂದವರೆಲ್ಲ ಫೋನಿನಲ್ಲಿ ಮಳೆಗಾಲದ ಫೋಟೋ ತೆಗೆದು, ಎದುರಿನದ್ದಕ್ಕೆ ಹೋಲಿಸಿ, ಮೋಸ ಹೋದವರ ಹಾಗೆ ನಿಂತಿದ್ದರು. ಬಂಡೆ ಮಾತ್ರ ಪೂರ್ತಿ ಕಾಣುತ್ತಿತ್ತು. ಕಪ್ಪಗೆ, ಪದರ ಪದರವಾಗಿ, ನೀರು ಎಲ್ಲೆಲ್ಲಿ ಉಜ್ಜಿದೆ ಅಂತ ಓದುವ ಹಾಗೆ. ಅದನ್ನು ಯಾರೂ ನೋಡಲಿಲ್ಲ, ಅದು ಫೋಟೋದಲ್ಲಿ ಇರಲಿಲ್ಲವಲ್ಲ.

ಮಧ್ಯಾಹ್ನ ಮಾಂದಲ್‌ಪಟ್ಟಿಗೆ ಜೀಪು. ಇಪ್ಪತ್ತು ವರ್ಷ ಹಿಂದೆ ಈ ಗುಡ್ಡದ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಒಂದು ಸಿನಿಮಾ ಬಂತು, ಮುಗಿಲುಪೇಟೆ ಅಂತ ಹೆಸರಾಯಿತು, ಜೀಪುಗಳ ಸಾಲು ಶುರುವಾಯಿತು. ಭಾವ ಇದನ್ನು ತಮ್ಮ ಕಡೆ ಸಾಕ್ಷಿ ಅಂತ ಹಾಕಿಕೊಂಡರು. "ಬೆಟ್ಟ ಅದೇ, ಮೋಡ ಅದೇ. ಕ್ಯಾಮೆರಾ ಬಂದ ಮೇಲೆ ಚೆಂದ ಆಯ್ತು." ಚಿನ್ನಿ, "ಚೆಂದ ಆಗಲಿಲ್ಲ, ಕಂಡಿತು" ಅಂದಳು. ನನಗೆ ಇಲ್ಲಿ ಮಗಳದ್ದೇ ಸರಿ ಅನ್ನಿಸಿತು. ಕ್ಯಾಮೆರಾ ನಮ್ಮೂರಿನ ರಿಂಗ್ ರೋಡಿಗೂ ಬಂದಿದೆ, ಅದನ್ನು ನೋಡಲು ಯಾರೂ ಜೀಪು ಬಾಡಿಗೆಗೆ ಹಿಡಿಯುವುದಿಲ್ಲ.

ಜೀಪಿನ ಡ್ರೈವರ್ ಮಕ್ಕಂದೂರು ಕಡೆಯ ಹುಡುಗ. ಮಾತು ಕಡಿಮೆ. ಒಂದು ತಿರುವಿನಲ್ಲಿ ಎದುರಿನ ಬೆಟ್ಟದ ಮೈಯಲ್ಲಿ ಮೇಲಿನಿಂದ ಕೆಳಗೆ ಒಂದು ಅಗಲವಾದ ಪಟ್ಟಿ ಕಂಡಿತು. ಸುತ್ತಲಿನ ಕಾಡು ಕಡು ಹಸಿರು, ಪಟ್ಟಿ ಮಾತ್ರ ಎಳೆ ಹಸಿರು. ಬಿಸಿಲು ಅದರ ಮೇಲೇ ಬಿದ್ದಿತ್ತು. ಅಕ್ಕ, "ಎಷ್ಟು ಚೆನ್ನಾಗಿದೆ ನೋಡು, ಯಾರೋ ಬೇರೆ ಬಣ್ಣದಲ್ಲಿ ಬಳಿದ ಹಾಗಿದೆ" ಅಂದಳು. ಡ್ರೈವರ್ ಗೇರ್ ಬದಲಿಸಿ, "ಅದು ಜರಿದಿದ್ದು ಅಕ್ಕ. ಹದಿನೆಂಟರಲ್ಲಿ. ನಮ್ಮ ದೊಡ್ಡಪ್ಪನ ತೋಟ ಅದರೊಳಗೆ ಹೋಯ್ತು. ಮನೆಯಲ್ಲಿ ಯಾರೂ ಇರಲಿಲ್ಲ, ಬಚಾವ್" ಅಂದ.

ಆಗಸ್ಟ್ 2018. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ. ಮಳೆ ನಿಲ್ಲದೆ ಸುರಿದು ಗುಡ್ಡಗಳು ನೀರು ಕುಡಿದು ಕುಡಿದು ಜಾರಿದವು. ಆ ಹೆಸರುಗಳನ್ನು ನಾವು ಟಿವಿಯಲ್ಲಿ ಕೇಳಿದ್ದೆವು. ಇಲ್ಲಿ ಅವು ರಸ್ತೆ ಬದಿಯ ಬೋರ್ಡುಗಳು.

ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಇನ್ನೂ ಆ ಕಡೆಯೇ ನೋಡುತ್ತಿದ್ದಳು. ಈಗ ಅವಳಿಗೆ ಎಳೆ ಹಸಿರು ಮೊದಲಿನ ಹಾಗೆ ಕಾಣುತ್ತಿರಲಿಲ್ಲ, ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಬಣ್ಣ ಬದಲಾಗಿರಲಿಲ್ಲ. ಬಿಸಿಲೂ ಅಲ್ಲೇ ಇತ್ತು.

ಮೇಲೆ ಹೋಗಿ ಗಾಳಿಯಲ್ಲಿ ನಿಂತಾಗ ಚಿನ್ನಿ ಬರ್ಕ್‌ನ ಮಾತು ತೆಗೆದಳು. ಐರ್ಲೆಂಡಿನಲ್ಲಿ ಹುಟ್ಟಿದ ಚಿಂತಕ ಎಡ್ಮಂಡ್ ಬರ್ಕ್, 1757. ಅಗಾಧವಾದದ್ದು, ಭಯ ಹುಟ್ಟಿಸುವಂಥದ್ದು ಕೂಡ ನಮಗೆ ಒಂದು ಬಗೆಯ ಸುಖ ಕೊಡುತ್ತದೆ, ಆದರೆ ಅಪಾಯ ಸ್ವಲ್ಪ ದೂರದಲ್ಲಿರಬೇಕು ಅನ್ನುತ್ತಾನೆ ಅವನು. ತೀರಾ ಹತ್ತಿರ ಬಂದರೆ ಅದು ಬರೀ ಭಯ. ಕಮರಿಯ ಅಂಚಿನಲ್ಲಿ ಕೈಚಾಚಿ ಫೋಟೋ ತೆಗೆಸಿಕೊಳ್ಳುವವರನ್ನು ನೋಡುತ್ತಾ ಆ ಡ್ರೈವರ್ ಜೀಪಿನ ನೆರಳಲ್ಲಿ ಕೂತಿದ್ದ. ನಿನಗೆ ಈ ಜಾಗ ಚೆಂದ ಅನ್ನಿಸುತ್ತಾ ಅಂತ ಕೇಳಿದೆ. "ಹೌದಲ್ಲ ಸಾರ್" ಅಂದ, ಇದೆಂಥ ಪ್ರಶ್ನೆ ಅನ್ನುವ ಹಾಗೆ. "ಜೂನ್‌ನಿಂದ ಮಾತ್ರ ನೋಡಕ್ಕೆ ಆಗಲ್ಲ."

ನೋಡುವವನು ಬದಲಾದರೆ ಚೆಂದ ಬದಲಾಗುತ್ತದೆ ಅನ್ನುತ್ತಾರಲ್ಲ, ಇಲ್ಲಿ ನೋಡುವವನು ಅವನೊಬ್ಬನೇ. ಬದಲಾಗುವುದು ಬೆಟ್ಟಕ್ಕೂ ಅವನಿಗೂ ಇರುವ ದೂರ.

ಶನಿವಾರ

ತಲಕಾವೇರಿ ಈ ಸಲ ಬಿಟ್ಟು ನಾಪೋಕ್ಲು ದಾರಿಯಲ್ಲಿ ಕಕ್ಕಬ್ಬೆಗೆ ಹೊರಟೆವು. ಭಾವನ ಕಾಲೇಜು ಗೆಳೆಯರೊಬ್ಬರ ತೋಟ ಆ ಕಡೆ. ದಾರಿಯಲ್ಲಿ ನಾಲ್ಕುನಾಡು ಅರಮನೆಗೆ ಹೊಕ್ಕು ಬಂದೆವು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, 1834ರಲ್ಲಿ ಬ್ರಿಟಿಷರು ಬಂದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡಿದ್ದೂ ಇಲ್ಲೇ. ಹಿಂದೆ ಕೊಡಗಿನ ಅತಿ ಎತ್ತರದ ತಡಿಯಂಡಮೋಳ್, 1748 ಮೀಟರ್. ಅಡಗಿಕೊಳ್ಳಲು ಕಟ್ಟಿದ ಮನೆಯಲ್ಲೂ ಮರದ ಕೆತ್ತನೆ, ಗೋಡೆಗೆ ಚಿತ್ರ. ಜೀವ ಉಳಿಸಿಕೊಳ್ಳುವ ಅವಸರದಲ್ಲೂ ಯಾರೋ ಕೂತು ಹೂಬಳ್ಳಿ ಕೊರೆದಿದ್ದಾರೆ.

ತೋಟದ ಗೇಟಿಗೆ ಬರುವ ಮುಂಚೆಯೇ ವಾಸನೆ ಬಂತು. ಮಲ್ಲಿಗೆಗೆ ಹತ್ತಿರ, ಆದರೆ ಸ್ವಲ್ಪ ಜೇನು ಬೆರೆತ ಹಾಗೆ. ಕಾರಿನ ಕಿಟಕಿ ಇಳಿಸಿದೆವು. ಇಳಿಜಾರು ಪೂರ್ತಿ ಬಿಳಿ. ಒಂದೊಂದು ಕೊಂಬೆಯಲ್ಲೂ ಎಲೆಯ ಬುಡಕ್ಕೊಂದು ಗೊಂಚಲು, ಕೊಂಬೆಯ ಬುಡದಿಂದ ತುದಿವರೆಗೆ ಹೂವು ಮೆತ್ತಿಕೊಂಡಿತ್ತು. ಭಾವ ಸಿದ್ಧಾಂತ ಗಿದ್ಧಾಂತ ಬಿಟ್ಟು ಕಾರು ನಿಲ್ಲಿಸಿ ಇಳಿದೇಬಿಟ್ಟರು.

ಯಜಮಾನರು ಛತ್ರಿ ಊರಿಕೊಂಡು ಬಂದರು. ಮೊದಲ ಮಾತು ಹೂವಿನದ್ದಲ್ಲ. "ಎಂತ ಮಾರಾಯ, ದಾರಿಯಲ್ಲಿ ಮೋಡ ಉಂಟಾ?"

ಕಾಫಿಯ ಲೆಕ್ಕ ಹೀಗಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಹದವಾದ ಹೂ ಮಳೆ ಬೀಳಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹಾಕಬೇಕು. ಒಂದು ವಾರ ಕಳೆದ ಮೇಲೆ ಮೊಗ್ಗೆಲ್ಲ ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನದಲ್ಲಿ ಬಾಡುತ್ತದೆ. ಆಮೇಲೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆ, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಆದರೆ ಹೂ ಬಿರಿದ ದಿನವೇ ಮಳೆ ಬಿದ್ದರೆ ಕೆಟ್ಟಿತು. ಅರೇಬಿಕಾ ಹೇಗೋ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ತರಬೇಕು. ಪರಾಗ ತೊಳೆದು ಹೋದರೆ ಮುಂದಿನ ವರ್ಷದ ಫಸಲೂ ಅದರ ಜೊತೆ ಹೋಯಿತು.

ನಾಲ್ಕು ಗಂಟೆಗೆ ಮೋಡ ಬಂದೇ ಬಂತು. ತಡಿಯಂಡಮೋಳ್ ಕಡೆಯಿಂದ ಕಪ್ಪಗೆ ಏರಿ, ಬಿಳಿ ಇಳಿಜಾರಿನ ಮೇಲೆ ನಿಂತಿತು. ಕಪ್ಪು ಮೋಡದ ಕೆಳಗೆ ಹೂವು ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತಿತ್ತು. ನಾನೂ ಚಿನ್ನಿಯೂ ಜಗಲಿಯಲ್ಲಿ ಬಾಯಿ ಬಿಟ್ಟು ನಿಂತೆವು. ಯಜಮಾನರು ಒಳಗೆ ಹೊರಗೆ ಓಡಾಡಿದರು. "ನಿಮಗೆ ಅಲ್ಲಿ ಹೂವು ಕಾಣ್ತದೆ. ನಂಗೆ ಬ್ಯಾಂಕಿನ ಸಾಲ ಕಾಣ್ತದೆ" ಅಂದರು.

ಚೆಂದವನ್ನು ನೋಡುವವನಿಗೆ ಆ ವಸ್ತುವಿನಿಂದ ಲಾಭದ ಆಸೆ, ನಷ್ಟದ ಹೆದರಿಕೆ ಇರಬಾರದು ಅನ್ನುವುದು ಕಾಂಟ್‌ನ ಇನ್ನೊಂದು ಷರತ್ತು. ಚಿನ್ನಿ ಅದನ್ನು ಮೆಲ್ಲಗೆ ಹೇಳಿದಳು. ಹಾಗಾದರೆ ಯಜಮಾನರಿಗೆ ತಮ್ಮ ತೋಟದ ಹೂವಿನ ಚೆಂದ ಕಾಣುವ ಹಾಗೇ ಇಲ್ಲ, ಟಿಕೆಟ್ ಇಲ್ಲದೆ ಬಂದ ನಮಗೆ ಮಾತ್ರ ಕಾಣುತ್ತದೆ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಯಜಮಾನರ ಹೆಂಡತಿಗೆ ನಗು ಬಂತು. "ಇವರ ಮಾತು ನಂಬಬೇಡಿ. ಹೂ ಬಿಟ್ಟ ದಿನ ಬೆಳಿಗ್ಗೆ ಐದೂವರೆಗೆ ಎದ್ದು ತೋಟದ ನಡುವೆ ಹೋಗಿ ನಿಲ್ತಾರೆ. ತೋಟದ ಲೆಕ್ಕ ಬರೆಯೋ ರೈಟರ್ ಬಂದು ಕರೆದ್ರೂ ಬರಲ್ಲ. ಅಲ್ಲಿ ನಿಂತು ಎಂತ ಲೆಕ್ಕ ಹಾಕ್ತಾರೆ ಕೇಳಿ." ಯಜಮಾನರು ಮೋಡ ನೋಡುವ ನೆಪದಲ್ಲಿ ಆ ಕಡೆ ಹೋದರು. ಸಾಲ ಇರುವವನಿಗೂ ಹೂವು ಕಾಣುತ್ತದೆ. ಒಂದೇ ಹೊತ್ತಿನಲ್ಲಿ ಎರಡೂ ಕಾಣುವುದಿಲ್ಲ, ಅಷ್ಟೇ.

ಮಳೆ ಬರಲಿಲ್ಲ. ನಾಲ್ಕು ಹನಿ ಉದುರಿಸಿ ಮೋಡ ವಿರಾಜಪೇಟೆ ಕಡೆ ಹೋಯಿತು. ಆ ಮೇಲೆ ಯಜಮಾನರಿಗೆ ಮಾತು ಬಂತು. ತೋಟ ಸುತ್ತಿಸಿದರು.

ಪಕ್ಕದ ತೋಟದಲ್ಲಿ ಸಿಲ್ವರ್ ಓಕ್ ಮರಗಳು ಸಾಲಾಗಿ, ದಾರ ಹಿಡಿದು ನೆಟ್ಟ ಹಾಗೆ ನೇರ. ಒಂದೊಂದಕ್ಕೂ ಕಾಳುಮೆಣಸಿನ ಬಳ್ಳಿ. ಭಾವ ಜೀವನಪೂರ್ತಿ ಲೋಕೋಪಯೋಗಿ ಲೆಕ್ಕದಲ್ಲಿ ಇದ್ದವರು. "ನೋಡಿ, ಇದಪ್ಪ ತೋಟ" ಅಂದರು. ಯಜಮಾನರ ತೋಟದಲ್ಲಿ ಹಲಸು, ನೇರಳೆ, ಅತ್ತಿ, ಬೀಟೆ, ನಂದಿ, ಹಾಲುವಾಣ ಎಲ್ಲ ಕಲಸಿಕೊಂಡು ನಿಂತಿದ್ದವು. ಯಾವುದೂ ಸಾಲಿನಲ್ಲಿಲ್ಲ. ಚಿನ್ನಿಗೆ ಇದೇ ಇಷ್ಟ. ಇಬ್ಬರೂ ಅಲ್ಲೇ ಬೇಲಿಯ ಹತ್ತಿರ ನಿಂತು ಶುರು ಮಾಡಿದರು.

ಮುಂದೆ ಸ್ಕಾಟ್ಲೆಂಡಿನಲ್ಲಿ ಪಾಠ ಹೇಳಿದ ಹಚಿಸನ್ ಅನ್ನುವ ತತ್ವಜ್ಞಾನಿ 1725ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದನಂತೆ. ವೈವಿಧ್ಯದೊಳಗೆ ಏಕರೂಪ ಇದ್ದರೆ ಚೆಂದ. ಬರೀ ಒಂದೇ ಥರ ಇದ್ದರೆ ಬೇಸರ, ಬರೀ ಬೇರೆ ಬೇರೆ ಇದ್ದರೆ ಗೊಂದಲ. ಕೊಡಗಿಗೆ ಭಾರತದ ಸ್ಕಾಟ್ಲೆಂಡ್ ಅಂತ ಹೆಸರಿಟ್ಟವರಿಗೆ ಈ ಸೂತ್ರ ಗೊತ್ತಿತ್ತೋ ಇಲ್ಲವೋ. ಭಾವನ ಸಾಲಿನಲ್ಲಿ ಏಕರೂಪವಿದೆ, ಚಿನ್ನಿಯ ಕಾಡುತೋಟದಲ್ಲಿ ವೈವಿಧ್ಯವಿದೆ, ಸೂತ್ರ ಹಿಡಿದರೆ ಇಬ್ಬರಿಗೂ ಅರ್ಧರ್ಧ ಅಂಕ.

ಯಜಮಾನರು ಬೇರೆಯದೇ ಹೇಳಿದರು. ಬೀಟೆಯಂಥ ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜಮೀನು ರಿಡೀಮ್ಡ್, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು, ಹೌದೋ ಅಲ್ಲವೋ ಅನ್ನುವ ದಾಖಲೆ ಬೇಕು, ಇಲ್ಲದಿದ್ದರೆ ಮರ ಸರ್ಕಾರದ್ದು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಅಷ್ಟು ತಲೆನೋವಿಲ್ಲ. ಬೇಗ ಬೆಳೆಯುತ್ತದೆ, ಕಷ್ಟಕ್ಕೆ ಕಡಿದು ಮಾರಬಹುದು. "ಅವನು ಚೆಂದಕ್ಕೆ ನೆಟ್ಟಿದ್ದಲ್ಲ, ನಾನು ಚೆಂದಕ್ಕೆ ಬಿಟ್ಟಿದ್ದೂ ಅಲ್ಲ. ನಮ್ಮಪ್ಪ ಬಿಟ್ಟಿದ್ರು, ನಂಗೆ ಕಡಿಯಕ್ಕೆ ಮನಸ್ಸು ಬರ್ಲಿಲ್ಲ." ಅಷ್ಟರಲ್ಲಿ ಅತ್ತಿ ಮರದಲ್ಲಿ ಒಂದು ಮಂಗಟ್ಟೆ ಬಂದು ಕೂತಿತು. ರೆಕ್ಕೆ ಬಡಿಯುವ ಸದ್ದೇ ಅಷ್ಟು ದೊಡ್ಡದು. ಭಾವ ತಲೆ ಎತ್ತಿ ನೋಡಿ, ಸಿಲ್ವರ್ ಓಕ್ ಕಡೆಗೂ ಒಮ್ಮೆ ನೋಡಿದರು. ಅಲ್ಲಿ ಅದಕ್ಕೆ ಹಣ್ಣಿಲ್ಲ.

ಇನ್ನೊಂದು ವಿಷಯ. ಆ ಹೂವಿನ ಮೇಲೆ ಜೇನಿನ ಗುಂಯ್‌ಗುಡುವಿಕೆ ಕಿವಿ ತುಂಬುತ್ತಿತ್ತು. ಕಕ್ಕಬ್ಬೆ ಒಂದು ಕಾಲಕ್ಕೆ ಜೇನಿಗೆ ಹೆಸರಾದ ಊರು. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದವು. ಜೇನಿನ ಕಣ್ಣಿಗೆ ಕೆಂಪು ಕಾಣುವುದಿಲ್ಲ, ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ಅಂದರೆ ನಾವು ಬಿಳಿ ಅಂತ ಬೆರಗಾದ ಹೂವು ಅದಕ್ಕೆ ಬೇರೆಯೇ ಬಣ್ಣ. ಹೂವು ಅರಳಿದ್ದು ಅದಕ್ಕಾಗಿ, ನಮಗಾಗಿ ಅಲ್ಲ. ಆದರೂ ನಮ್ಮಿಬ್ಬರನ್ನೂ ಅದೇ ಗಿಡ ಎಳೆಯಿತು. ಇದನ್ನು ಯಾವ ಕಡೆಗೆ ಹಾಕಬೇಕು ಅಂತ ಭಾವನಿಗೂ ತಿಳಿಯಲಿಲ್ಲ, ಚಿನ್ನಿಗೂ ತಿಳಿಯಲಿಲ್ಲ.

ಭಾನುವಾರ

ಯಜಮಾನರ ಸೊಸೆ ಕಾಫಿ ಬೋರ್ಡಿನ ಕೋರ್ಸ್ ಮಾಡಿಕೊಂಡು ಬಂದವರು. ತಿಂಡಿಗೆ ನೂಪುಟ್ಟು ಆದ ಮೇಲೆ ನಮ್ಮನ್ನು ಕಪ್ಪಿಂಗ್‌ಗೆ ಕೂರಿಸಿದರು. ಕಾಫಿಯ ರುಚಿ ನೋಡಿ ಅಂಕ ಹಾಕುವ ಕೆಲಸ. ಒಂದೊಂದು ಸ್ಯಾಂಪಲ್‌ಗೆ ಐದೈದು ಲೋಟ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನೀರು ಸುಮಾರು 93 ಡಿಗ್ರಿ. ನಾಲ್ಕು ನಿಮಿಷ ಮುಟ್ಟಬಾರದು. ಮೇಲೆ ಕಟ್ಟಿದ ಕೆನೆಯನ್ನು ಚಮಚದಲ್ಲಿ ಮುರಿಯುವಾಗ ಮೂಗು ಹತ್ತಿರ ಇರಬೇಕು. ಆಮೇಲೆ ಚಮಚದಿಂದ ಸೊರ್ ಅಂತ ಜೋರಾಗಿ ಹೀರಬೇಕು, ನಮ್ಮನೆಯಲ್ಲಿ ಬೈಸಿಕೊಳ್ಳುವಷ್ಟು ಜೋರಾಗಿ. ನೂರಕ್ಕೆ ಎಂಬತ್ತು ಮುಟ್ಟಿದರೆ ಸ್ಪೆಷಾಲಿಟಿ ಕಾಫಿ.

ಮೊದಲ ಸುತ್ತಿನಲ್ಲಿ ನಮಗೆ ಎಲ್ಲ ಒಂದೇ. ಕಹಿ, ಬಿಸಿ. ಭಾವ, "ಇದರಲ್ಲಿ ಅಂಕ ಹಾಕೋದು ಏನಿದೆ, ಅವರವರ ನಾಲಿಗೆ" ಅಂದರು. ಸೊಸೆ ವಾದ ಮಾಡಲಿಲ್ಲ. "ಎರಡನೇ ಸಾಲಿನಲ್ಲಿ ಒಂದು ಲೋಟ ಸರಿ ಇಲ್ಲ. ಯಾವುದು ಹೇಳಿ ನೋಡುವಾ" ಅಂದರು. ನಾವು ಮತ್ತೆ ಹೀರಿದೆವು. ಮೂರನೇ ಸುತ್ತಿಗೆ ಅಕ್ಕ ನಾಲ್ಕನೇ ಲೋಟದ ಮುಂದೆ ನಿಂತು ಮುಖ ಕಿವುಚಿದಳು. "ಇದರಲ್ಲಿ ಹುಳಿಹಿಟ್ಟಿನ ವಾಸನೆ." ಸರಿಯಾಗಿತ್ತು. ಜಾಸ್ತಿ ಹುದುಗಿದ ಬೀಜ ಒಂದು ಸೇರಿಕೊಂಡರೂ ಆ ಲೋಟ ಕೆಡುತ್ತದೆ. ಐದು ಲೋಟ ಇಡುವುದೇ ಅದಕ್ಕೆ. ಅಕ್ಕ ಹೇಳಿದ ಮೇಲೆ ನನಗೂ ಬಂತು, ಭಾವನಿಗೂ ಬಂತು. ಬಂದ ಮೇಲೆ ಬಿಟ್ಟು ಹೋಗಲಿಲ್ಲ.

ಚಿನ್ನಿಗೆ ಹಬ್ಬ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಹೇಳುವ ಕಥೆ ಇದೇ ಅಂದಳು. ಮೂಲ ಕಥೆ ಸ್ಪೇನಿನ ಹಳೆ ಕಾದಂಬರಿ ಡಾನ್ ಕ್ವಿಕ್ಸೋಟ್‌ನಲ್ಲಿದೆ. ಅದರ ನಾಯಕನ ಸೇವಕ ಸಾಂಚೋನ ನೆಂಟರಿಬ್ಬರಿಗೆ ಒಂದು ಪೀಪಾಯಿ ವೈನ್ ರುಚಿ ನೋಡಲು ಕೊಡುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ರುಚಿ ಅನ್ನುತ್ತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದರೆ ಸ್ವಲ್ಪ ಕಬ್ಬಿಣ ಅನ್ನುತ್ತಾನೆ. ಜನ ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಒಂದು ಹಳೆ ಕೀಲಿಕೈ ಸಿಗುತ್ತದೆ. ಚೆಂದ ವಸ್ತುವಿನಲ್ಲಿ ಇಲ್ಲ, ಮನಸ್ಸಿನಲ್ಲಿದೆ ಅನ್ನುವ ಹ್ಯೂಮನೇ, ಎಲ್ಲರ ರುಚಿಯೂ ಒಂದೇ ತೂಕದ್ದಲ್ಲ ಅಂತಲೂ ಅನ್ನುತ್ತಾನೆ. ಅಭ್ಯಾಸ ಬೇಕು, ಹೋಲಿಸಿ ನೋಡಿರಬೇಕು, ಪೂರ್ವಗ್ರಹ ಇರಬಾರದು.

ನನಗೆ ಕಾಲೇಜಿನಲ್ಲಿ ಓದಿದ ಕಾವ್ಯಮೀಮಾಂಸೆ ನೆನಪಾಯಿತು. ಸಾವಿರ ವರ್ಷ ಹಿಂದೆ ಕಾಶ್ಮೀರದ ಅಭಿನವಗುಪ್ತ ಸಹೃದಯ ಯಾರು ಅಂತ ಹೇಳುವಾಗ ಹುಟ್ಟಿನ ಮಾತು ಎತ್ತುವುದಿಲ್ಲ. ಕಾವ್ಯವನ್ನು ಓದಿ ಓದಿ ಮನಸ್ಸಿನ ಕನ್ನಡಿ ಯಾರಿಗೆ ತಿಳಿಯಾಗಿದೆಯೋ ಅವನು ಅನ್ನುತ್ತಾನೆ. ಅಕ್ಕ ಮೂವತ್ತು ವರ್ಷ ದೋಸೆ ಹಿಟ್ಟಿನ ಹುಳಿ ಮೂಸಿ ನೋಡಿದವಳು. ಆ ಲೋಟ ಅವಳಿಗೇ ಮೊದಲು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಭಾವ ಸೋಲು ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಅವರ ಪ್ರಶ್ನೆ ಗಟ್ಟಿಯಾಗಿತ್ತು. "ಕೆಟ್ಟ ಬೀಜ ಕೆಟ್ಟದ್ದು, ಸರಿ. ಅದು ಪೀಪಾಯಿಯ ಕೀಲಿಕೈ. ಆದ್ರೆ ಕೆಡದ ಎರಡು ಕಾಫಿಯಲ್ಲಿ ಯಾವುದು ಮೇಲು ಅಂತ ಹೇಳೋಕೆ ಕೀಲಿಕೈ ಎಲ್ಲಿದೆ?" ಸೊಸೆ ಅದನ್ನು ಒಪ್ಪಿದರು. ಅವರಿಗೆ ಹಣ್ಣಿನ ಹುಳಿ ಇರುವ ಅರೇಬಿಕಾ ಇಷ್ಟ, ಮಾವನಿಗೆ ತಮ್ಮ ರೊಬಸ್ಟಾ ಬಿಟ್ಟು ಬೇರೆ ಬೇಡ. ಒಂದು ಮಟ್ಟದ ಮೇಲೆ ಹೋದ ಮೇಲೆ ಮನೆಮನೆಗೂ ಬೇರೆ ಅಂದರು.

ಕೊನೆಗೆ ಅವರು ಭಾವನ ಮುಂದೆ ಎರಡು ಲೋಟ ಇಟ್ಟರು. ಒಂದು ಅವರ ತೋಟದ ಒಳ್ಳೇ ಅರೇಬಿಕಾ, ಹಾಲಿಲ್ಲ, ಸಕ್ಕರೆಯಿಲ್ಲ. ಇನ್ನೊಂದು ಚಿಕೋರಿ ಬೆರೆಸಿದ, ಹಾಲು ಹಾಕಿದ ಫಿಲ್ಟರ್ ಕಾಫಿ. ಭಾವ ಎರಡನ್ನೂ ನಿಧಾನವಾಗಿ ಕುಡಿದರು. "ಅದು ಮೇಲು. ನಂಗೆ ಇದು ಕೊಡಿ" ಅಂದರು.

ಗುರುವಾರದ ಮಾತೇ ಮತ್ತೆ. ಇದಕ್ಕಾಗಿಯೇ ನನಗೆ ಭಾವನ ಸಿದ್ಧಾಂತದ ಮೇಲೆ ನಂಬಿಕೆ ಇಲ್ಲ, ಭಾವನ ಮೇಲೆ ಇದೆ. ಮೇಲು ಯಾವುದು ಅಂತ ಅವರಿಗೆ ಕಾಣುತ್ತದೆ, ಬೇಕಾದ್ದು ಯಾವುದು ಅಂತಲೂ ಗೊತ್ತು. ಅವೆರಡೂ ಬೇರೆ ಬೇರೆ ಅಂತ ಬಾಯಲ್ಲಿ ಒಪ್ಪುವುದಿಲ್ಲ, ಲೋಟ ಹಿಡಿದಾಗ ಒಪ್ಪುತ್ತಾರೆ. ಅವರವರ ಕಣ್ಣಿಗೆ ಬಿಟ್ಟಿದ್ದು ಅನ್ನುವುದು ಇಷ್ಟದ ಮಟ್ಟಿಗೆ ಸರಿ. ಚೆಂದಕ್ಕೆ ಕಣ್ಣು ಬೇಕು, ಆದರೆ ಕಣ್ಣು ಅದನ್ನು ಇಲ್ಲದ ಕಡೆ ಹುಟ್ಟಿಸುವುದಿಲ್ಲ ಅನ್ನುವುದು ನನ್ನ ಪಕ್ಷ.

ಊಟದ ಮುಂಚೆ ಊರಿನ ದೇವರಕಾಡಿನ ಅಂಚಿಗೆ ಕರೆದುಕೊಂಡು ಹೋದರು. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕ ದೇವರಕಾಡುಗಳು 1214. ಚಪ್ಪಲಿ ಬಿಟ್ಟು, ಗಡಿಯಲ್ಲೇ ನಿಂತೆವು. ಒಳಗೆ ಕತ್ತಲೆ, ದಪ್ಪ ಬಳ್ಳಿ, ಎಲೆ ಕೊಳೆತ ತಂಪು ವಾಸನೆ. ಎಲ್ಲೋ ಒಳಗೆ ಒಂದು ಹಕ್ಕಿ ಮನುಷ್ಯರ ಹಾಗೇ ಸಿಳ್ಳೆ ಹಾಕಿತು. ಹಬ್ಬದ ದಿನ ಬಿಟ್ಟು ಒಳಗೆ ಯಾರೂ ಹೋಗುವುದಿಲ್ಲ ಅಂದರು ಯಜಮಾನರು.

"ಯಾರೂ ನೋಡದ ಮೇಲೆ ಒಳಗಿರೋದು ಚೆಂದವಾ?" ಭಾವ ಕೇಳಿಯೇ ಬಿಟ್ಟರು.

ಇದೇ ಪ್ರಶ್ನೆ ಐನ್‌ಸ್ಟೈನ್ ಮತ್ತು ಠಾಕೂರರ ನಡುವೆಯೂ ಬಂದಿತ್ತು. 1930ರ ಜುಲೈನಲ್ಲಿ ಜರ್ಮನಿಯಲ್ಲಿ, ಐನ್‌ಸ್ಟೈನ್ ಮನೆಯಲ್ಲಿ. ಮನುಷ್ಯರೇ ಇಲ್ಲದೆ ಹೋದರೆ ಬೆಲ್ವೆಡೇರ್‌ನ ಅಪೊಲೊ ವಿಗ್ರಹ ಸುಂದರವಾಗಿ ಉಳಿಯುವುದಿಲ್ಲವೇ ಅಂತ ಐನ್‌ಸ್ಟೈನ್ ಕೇಳಿದರು. ಇಲ್ಲ ಅಂದರು ಠಾಕೂರರು. ಚೆಂದದ ವಿಷಯಕ್ಕೆ ಒಪ್ಪುತ್ತೇನೆ, ಸತ್ಯದ ವಿಷಯಕ್ಕೆ ಒಪ್ಪುವುದಿಲ್ಲ ಅಂದರು ಐನ್‌ಸ್ಟೈನ್. ಅಷ್ಟು ದೊಡ್ಡವರಿಬ್ಬರೂ ಭಾವನ ಕಡೆ. ಚಿನ್ನಿಗೆ ಸಿಕ್ಕ ಆಸರೆ ಇಂಗ್ಲೆಂಡಿನ ತತ್ವಜ್ಞಾನಿ ಜಿ.ಇ. ಮೂರ್. ಅವನು 1903ರಲ್ಲಿ ಎರಡು ಲೋಕ ಊಹಿಸಿಕೊಳ್ಳಿ ಅಂದ. ಒಂದರಲ್ಲಿ ಬೆಟ್ಟ, ನದಿ, ನಕ್ಷತ್ರ. ಇನ್ನೊಂದು ಬರೀ ಕೊಳಕಿನ ರಾಶಿ. ಎರಡನ್ನೂ ಯಾರೂ ಎಂದೂ ನೋಡುವುದಿಲ್ಲ. ಆದರೂ ಮೊದಲನೆಯದು ಇರುವುದೇ ಮೇಲಲ್ಲವೇ?

ಯಜಮಾನರು ಇಬ್ಬರನ್ನೂ ಕೇಳಿಸಿಕೊಂಡರು. "ನೋಡಕ್ಕೆ ಅಂತ ಹಿರಿಯರು ಇದನ್ನ ಬಿಟ್ಟಿದ್ದಲ್ಲ. ಮುಟ್ಟಬಾರದು ಅಂತ ಬಿಟ್ಟಿದ್ದು" ಅಂದರು. ಮೂರ್ ಕೇಳಿದ್ದರೆ ಖುಷಿಪಡುತ್ತಿದ್ದ ಅನ್ನಿಸುತ್ತದೆ. ಭಾವ ಮಾತ್ರ, ಹಾಗಾದರೆ ಇದು ಚೆಂದದ ವಿಷಯವೇ ಅಲ್ಲ, ಭಕ್ತಿಯದ್ದು ಅಂತ ಪಾಯಿಂಟ್ ಹಾಕಿದರು. ಅದನ್ನೂ ತಳ್ಳಿ ಹಾಕುವ ಹಾಗಿರಲಿಲ್ಲ. ಹೊಟ್ಟೆ ಹಸಿದಿತ್ತು, ವಾಪಸ್ ಬಂದೆವು.

ಸೋಮವಾರ

ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ. ಆನೆಚೌಕೂರು ದಾರಿಯಲ್ಲಿ ಕಾಡಿನ ಎರಡೂ ಬದಿ ಲಂಟಾನ. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ. ಮೇಲೆ ಚಿಟ್ಟೆಗಳು. ಅಕ್ಕ ಕಿಟಕಿಗೆ ಮೂಗು ಹಚ್ಚಿ, "ಇದು ಎಷ್ಟು ಮುದ್ದಾಗಿದೆ ಅಲ್ವಾ" ಅಂದಳು.

ಚಿನ್ನಿಗೆ ತಡೆಯಲಾಗಲಿಲ್ಲ. ಅದು ಹೊರದೇಶದಿಂದ ಅಲಂಕಾರಕ್ಕೆ ತಂದು ನೆಟ್ಟ ಗಿಡ, ಈಗ ಕಾಡನ್ನೇ ನುಂಗಿದೆ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಜಿಂಕೆಗೂ ಆನೆಗೂ ಮೇವಿಲ್ಲ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ದಾರಿ ಮಾಡುತ್ತದೆ. ಇಷ್ಟು ಗೊತ್ತಿದ್ದ ಮೇಲೆ ಅದು ಚೆಂದ ಕಾಣುವುದಾದರೂ ಹೇಗೆ ಅಂತ ಒಂದೇ ಉಸಿರಿನಲ್ಲಿ ಹೇಳಿದಳು. ಮೊನ್ನೆ ಜೀಪಿನಲ್ಲಿ ಜರಿದ ಗುಡ್ಡ ನೋಡಿ ನಿನಗೂ ಹಾಗೇ ಆಯ್ತಲ್ಲ ಅಂತಲೂ ಸೇರಿಸಿದಳು.

"ಅದು ಬೇರೆ. ಅಲ್ಲಿ ಒಬ್ಬರ ತೋಟ ಹೋಗಿತ್ತು, ನಂಗೆ ಸಂಕಟ ಆಯ್ತು" ಅಂದಳು ಅಕ್ಕ. "ಇಲ್ಲಿ ನಾನು ಹೂವು ಚೆನ್ನಾಗಿದೆ ಅಂದೆ. ನೆಡು ಅಂದ್ನಾ?"

ಭಾವ ಸ್ಟಿಯರಿಂಗ್ ಮೇಲೆ ಕೈ ಬಡಿದು ನಕ್ಕರು. ಚಿನ್ನಿ ಫೋನ್ ತೆಗೆದು ಯಾವುದೋ ಪಿಡಿಎಫ್ ಹುಡುಕತೊಡಗಿದಳು. ಕಾಡಿನಲ್ಲಿ ನೆಟ್‌ವರ್ಕ್ ಇರಲಿಲ್ಲ.